ದಾವಣಗೆರೆಯಿಂದ ಕಾಪು ಲೈಟ್‌ಹೌಸ್: ಒಂದು ಕಂಬ ನೋಡೋಕೆ ಅಷ್ಟು ದೂರ ಹೋಗಬೇಕಾ?

ವಿದ್ಯಾನಗರದಾಕೆ
ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ಸಮುದ್ರ ತೋರಿಸಬೇಕು ಅಂತ ಇದ್ದೇವೆ. ಮಗ ನಾಲ್ಕನೇ ಕ್ಲಾಸು. ಪುಸ್ತಕದಲ್ಲಿ ದೀಪಸ್ತಂಭದ ಚಿತ್ರ ನೋಡಿದಾಗಿನಿಂದ ಒಂದೇ ಹಟ, ಅದರೊಳಗೆ ಹತ್ತಬೇಕಂತೆ. ಉಡುಪಿ ಹತ್ತಿರದ ಕಾಪುವಿನಲ್ಲಿ ಜನರನ್ನು ಮೇಲೆ ಬಿಡುತ್ತಾರೆ ಅಂತ ಕೇಳಿದ್ದೇನೆ.

ನಮ್ಮ ಯಜಮಾನರದ್ದು ಬೇರೆ ರಾಗ. "ಒಂದು ಕಂಬ ನೋಡೋಕೆ ಅಷ್ಟು ದೂರ ಡೀಸೆಲ್ ಸುಡಬೇಕಾ? ಮುರುಡೇಶ್ವರಕ್ಕೆ ಹೋಗೋಣ, ದೇವರೂ ಆಯ್ತು, ಸಮುದ್ರವೂ ಆಯ್ತು" ಅನ್ನುತ್ತಾರೆ. ಜೊತೆಗೆ ಅತ್ತೆ ಬರುತ್ತಾರೆ, ಅವರಿಗೆ ಮಂಡಿ ನೋವು. ಚಿಕ್ಕ ಮಗಳಿಗೆ ಘಾಟಿಯಲ್ಲಿ ವಾಂತಿ.

ಹೋಗಿ ಬಂದವರು ಹೇಳಿ. ಯಾವ ರೋಡು ಒಳ್ಳೆಯದು? ಎಷ್ಟು ಹೊತ್ತಿಗೆ ಅಲ್ಲಿರಬೇಕು? ಬೀಚು ಮಕ್ಕಳಿಗೆ ಆಗುತ್ತಾ?

ಹರಿಹರದ ಸೇತುವೆ
ನಿಮ್ಮ ಯಜಮಾನರಿಗೆ ನನ್ನ ಓಟು. ಮುರುಡೇಶ್ವರದ ಗೋಪುರಕ್ಕೆ ಲಿಫ್ಟ್ ಇದೆ. ಅತ್ತೆಯವರ ಮಂಡಿ ಉಳಿಯುತ್ತದೆ.

ದುರ್ಗದ ಕಲ್ಲು
ಲಿಫ್ಟಿನಲ್ಲಿ ಹೋಗಿ ಕಿಟಕಿಯಲ್ಲಿ ಇಣುಕುವುದೂ, ಸುತ್ತು ಮೆಟ್ಟಿಲು ಹತ್ತಿ ಗಾಳಿಗೆ ಮುಖ ಕೊಡುವುದೂ ಒಂದೇನಾ? ಕಾಪುವೇ ಸರಿ. 1901ರಲ್ಲಿ ಕಟ್ಟಿದ ಗೋಪುರ. ಎತ್ತರ ಸುಮಾರು 27 ಮೀಟರ್, ನಮ್ಮ ಲೆಕ್ಕದಲ್ಲಿ 89 ಅಡಿ. ಅದೂ ಮರಳಿನ ಮೇಲಲ್ಲ, ಕಡಲಿನ ಅಂಚಿಗೇ ಇರುವ ದೊಡ್ಡ ಬಂಡೆಯ ಮೇಲೆ ನಿಂತಿದೆ. ಬಂಡೆ ಕಡಿದು ಮಾಡಿದ ಮೆಟ್ಟಿಲು ಹತ್ತಿದ ಮೇಲೆಯೇ ಗೋಪುರದ ಬಾಗಿಲು. ಕಲ್ಲಿನ ಮೇಲೆ ಕಟ್ಟಡ ಅಂದರೆ ದುರ್ಗದವರಿಗೆ ಸುಮ್ಮನೆ ಕೂರೋಕೆ ಆಗುತ್ತಾ?

ಮಂಡಕ್ಕಿ ಮಿರ್ಚಿ
ಶುರುವಾಯ್ತು. ಇವರಿಗೆ ಎಲ್ಲಿ ಹೋದರೂ ಕೋಟೆಯೇ ಕಾಣುತ್ತದೆ.

ದುರ್ಗದ ಕಲ್ಲು
ನಿಮಗೆ ಎಲ್ಲಿ ಹೋದರೂ ಬೆಣ್ಣೆ ದೋಸೆ ಕಾಣುತ್ತದಲ್ಲ, ಹಾಗೇ.

ಕಡಲ ತಡಿಯವ
ನಮಸ್ಕಾರ. ನಾನು ಪಡುಬಿದ್ರಿಯವ, ಕೆಲಸ ದಾವಣಗೆರೆಯಲ್ಲಿ. ಕಾಪು ನಮ್ಮ ಪಕ್ಕದ ಊರು ಮಾರ್ರೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ವಿಷಯ, ದೀಪಸ್ತಂಭ ಇಡೀ ದಿನ ತೆರೆದಿರುವುದಿಲ್ಲ. ಜನರನ್ನು ಮೇಲೆ ಬಿಡುವುದು ಸಂಜೆ ಹೊತ್ತು ಮಾತ್ರ, ಸೂರ್ಯ ಮುಳುಗುವ ಮುಂಚಿನ ಸ್ವಲ್ಪ ಸಮಯ. ಮಳೆಗಾಲದಲ್ಲಿ, ಗಾಳಿ ಜೋರಿದ್ದಾಗ ಬಿಡುವುದೂ ಇಲ್ಲ. ಬಯಲುಸೀಮೆಯಿಂದ ಬರುವವರು ಬೆಳಗ್ಗೆ ಹತ್ತಕ್ಕೇ ಬಂದು ಬೀಗ ನೋಡಿ ಬೈದುಕೊಂಡು ಹೋಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ. ನಾಲ್ಕರ ಒಳಗೆ ಬೀಚಿನಲ್ಲಿರಿ. ರಜೆಯ ದಿನ ಟಿಕೆಟಿಗೆ ಸಾಲು ಉಂಟು. ಮೇಲೆ ಜಾಗ ಕಡಿಮೆ, ಸ್ವಲ್ಪ ಸ್ವಲ್ಪ ಜನರನ್ನೇ ಬಿಡುತ್ತಾರೆ.

ಎರಡನೆಯದು ಅತ್ತೆಯವರ ಮಂಡಿ. ಬಂಡೆಯ ಮೆಟ್ಟಿಲಿನವರೆಗೆ ನಿಧಾನಕ್ಕೆ ಬರಬಹುದು. ಗೋಪುರದ ಒಳಗಿನ ಸುತ್ತು ಮೆಟ್ಟಿಲು ಬೇಡ. ಕೊನೆಯಲ್ಲಿ ಕಡಿದಾದ ಕಬ್ಬಿಣದ ಏಣಿ ಉಂಟು, ಇಳಿಯುವಾಗ ಹಿಮ್ಮುಖ ಇಳಿಯಬೇಕು. ಸೀರೆ ಉಟ್ಟವರು ಅಲ್ಲಿ ನಿಂತು ಯೋಚನೆ ಮಾಡುತ್ತಾರೆ, ಹಿಂದೆ ಇಡೀ ಸಾಲು ನಿಲ್ಲುತ್ತದೆ. ಅವರಿಗೆ ಕೆಳಗೆ ಬಂಡೆಯ ಮೇಲೆ ಕೂತರೂ ನಷ್ಟ ಇಲ್ಲ. ಮೇಲಿಂದ ಕಾಣುವ ಸೂರ್ಯ ಅಲ್ಲಿಂದಲೂ ಕಾಣುತ್ತಾನೆ.

ಮೂರನೆಯದು ನೀರು. ಅದನ್ನು ಆಮೇಲೆ ಬರೆಯುತ್ತೇನೆ, ಈಗ ಕೆಲಸ ಉಂಟು.

ವಿದ್ಯಾನಗರದಾಕೆ
ತುಂಬಾ ಥ್ಯಾಂಕ್ಸ್ ಅಣ್ಣ. ಈ ಸಂಜೆಯ ವಿಷಯ ಯಾರೂ ಹೇಳಿರಲಿಲ್ಲ. ನಾವು ಉಡುಪಿಗೆ ರಾತ್ರಿ ತಲುಪಿ ಬೆಳಗ್ಗೆ ಎದ್ದು ಕಾಪು ಅಂತ ಪ್ಲಾನ್ ಮಾಡಿದ್ದೆವು.

ಹಳದಿ ಬೋರ್ಡ್
ಬಾಡಿಗೆ ಕಾರು ಓಡಿಸುವವನು ನಾನು, ಆ ದಾರಿಯಲ್ಲಿ ಹೋಗುತ್ತಲೇ ಇರುತ್ತೇನೆ. ದಾವಣಗೆರೆ, ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ. ಅಲ್ಲಿಂದ ಮಂಗಳೂರು ಕಡೆ ಹೈವೇಯಲ್ಲಿ 13 ಕಿಲೋಮೀಟರ್ ಹೋದರೆ ಕಾಪು. ಒಟ್ಟು ಹತ್ತಿರ ಹತ್ತಿರ 250. ದೂರ ನೋಡಿ ನಾಲ್ಕು ಗಂಟೆ ಅಂದುಕೊಳ್ಳಬೇಡಿ ಅಕ್ಕ. ತಿಂಡಿ, ಟೀ, ಮಕ್ಕಳ "ನಿಲ್ಸಪ್ಪಾ" ಎಲ್ಲ ಸೇರಿ ಆರರಿಂದ ಏಳು ಗಂಟೆ ಇಟ್ಟುಕೊಳ್ಳಿ. ಬೆಳಗಿನ ಜಾವ ಐದಕ್ಕೆ ಹೊರಟರೆ ಮಧ್ಯಾಹ್ನದ ಊಟ ಉಡುಪಿಯಲ್ಲಿ.

ಆಗುಂಬೆ ಘಾಟಿಯಲ್ಲಿ 14 ತಿರುವು. ಕಾರಿಗೆ ತೊಂದರೆ ಇಲ್ಲ. ದೊಡ್ಡ ಬಸ್ಸು, ಲಾರಿ ಬಿಡುವುದಿಲ್ಲ, ಅಲ್ಲಿ ಮಿನಿ ಬಸ್ಸೇ ಓಡಾಡುವುದು. ಸ್ಕೂಲ್ ಟೂರಿನವರು ದೊಡ್ಡ ಬಸ್ಸು ಮಾಡಿಕೊಂಡು ಆ ದಾರಿ ಹಿಡಿದರೆ ವಾಪಸ್ ಕಳಿಸುತ್ತಾರೆ. ಅವರು ಹೊಸನಗರದ ಕಡೆಯಿಂದ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗಬೇಕು.

ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹೋಗಬೇಡಿ. ಸೆಕೆಂಡ್ ಗೇರಿನಲ್ಲಿ ಇಳಿಸಿ. ಕೆಳಗಿಂದ ಹತ್ತುವವರಿಗೆ ಮೊದಲು ದಾರಿ. ನಮ್ಮ ಕಡೆ ನಂಬರ್ ಪ್ಲೇಟಿನವರೇ ತಿರುವಿನಲ್ಲಿ ಹಾರ್ನ್ ಮಾಡದೆ ನುಗ್ಗುತ್ತಾರೆ, ನೋಡೋಕೆ ನಾಚಿಕೆ ಆಗುತ್ತದೆ.

ಹೊಳಲ್ಕೆರೆ ಹುಡುಗ
ಚಿತ್ರದುರ್ಗದವರಿಗೆ: ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗ, ಆಮೇಲೆ ಇದೇ ದಾರಿ. ತೀರ್ಥಹಳ್ಳಿಯವರೆಗೆ ಹಳೆಯ ಎನ್‌ಎಚ್ 13 ಇದೇ. ಸೊಲ್ಲಾಪುರದಿಂದ ನಮ್ಮ ದುರ್ಗದ ಮೇಲೆ ಮಂಗಳೂರಿಗೆ ಹೋಗುತ್ತಿತ್ತು. ಈಗ ತುಂಡು ತುಂಡು ಮಾಡಿ ಬೇರೆ ಬೇರೆ ನಂಬರ್ ಕೊಟ್ಟಿದ್ದಾರೆ. ನಮ್ಮಪ್ಪ ಇವತ್ತಿಗೂ ಥರ್ಟೀನ್ ಅಂತಲೇ ಅನ್ನುವುದು.

ಪಿಬಿ ರೋಡ್ ಪ್ಯಾಸೆಂಜರ್
ಕಾರಿಲ್ಲದವರ ಬಗ್ಗೆಯೂ ಯೋಚನೆ ಮಾಡಿ ಸ್ವಾಮಿ. ವಿಜಯಪುರ–ಮಂಗಳೂರು ರೈಲು ದಾವಣಗೆರೆ ಮೇಲೆಯೇ ಹೋಗುತ್ತದೆ. ಮಂಗಳೂರಿನಲ್ಲಿ ಇಳಿದು ಉಡುಪಿ ಬಸ್ಸು ಹತ್ತಿದರೆ ದಾರಿಯಲ್ಲೇ ಕಾಪು. ಹೈವೇಯಲ್ಲಿ ಇಳಿದರೆ ಬೀಚಿಗೆ ಆಟೋ ಸಿಗುತ್ತದೆ.

ಇನ್ನೊಂದು ಮಾತು, ಹೆಂಗಸರು ಗಮನಿಸಿ. ಇಲ್ಲಿ ಆಧಾರ್ ತೋರಿಸಿ ಫ್ರೀ ಓಡಾಡಿ ಅಭ್ಯಾಸ ಆಗಿದೆ. ಕರಾವಳಿಯಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು, ಶಕ್ತಿ ಯೋಜನೆ ಅವುಗಳಲ್ಲಿ ನಡೆಯುವುದಿಲ್ಲ. ನಮ್ಮ ಚಿಕ್ಕಮ್ಮ ಆಧಾರ್ ಕಾರ್ಡ್ ಹಿಡಿದು ಕಂಡಕ್ಟರ್ ಜೊತೆ ವಾದ ಮಾಡುತ್ತಾ ಕೂತಿದ್ದರು. ಆತ ನಕ್ಕು "ಅಮ್ಮಾ, ಇದು ಸರ್ಕಾರದ ಬಸ್ಸಲ್ಲ" ಅಂದ. ಇಡೀ ಬಸ್ಸು ನಕ್ಕಿತು.

ಮಂಡಕ್ಕಿ ಮಿರ್ಚಿ
ಮೇಲೆ ಹತ್ತಿದರೆ ಅರಬ್ ದೇಶ ಕಾಣುತ್ತಾ?

ನಿವೃತ್ತ ಮೇಷ್ಟ್ರು
ತಮಾಷೆಗೆ ಕೇಳಿದ್ದರೂ ಪ್ರಶ್ನೆ ಒಳ್ಳೆಯದು. ಮಗುವಿಗೆ ಹೇಳಿಕೊಡಲು ಒಂದು ಸುಲಭದ ಲೆಕ್ಕ ಇದೆ. ಕಣ್ಣು ನೀರಿನ ಮಟ್ಟಕ್ಕಿಂತ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆದು 3.57ರಿಂದ ಗುಣಿಸಿ. ನೀರು ಮತ್ತು ಆಕಾಶ ಕೂಡುವ ಗೆರೆ ಅಷ್ಟು ಕಿಲೋಮೀಟರ್ ದೂರದಲ್ಲಿದೆ. ಮರಳಿನ ಮೇಲೆ ನಿಂತವರಿಗೆ ಅದು ನಾಲ್ಕೂವರೆ ಕಿಲೋಮೀಟರ್ ಅಷ್ಟೇ. 30 ಮೀಟರ್ ಎತ್ತರಕ್ಕೆ ಹೋದರೆ ಸುಮಾರು 20 ಕಿಲೋಮೀಟರ್. ಭೂಮಿ ಬಾಗಿರುವುದರಿಂದ ಅದರಾಚೆಗಿನದು ಕೆಳಗೆ ಮರೆಯಾಗುತ್ತದೆ. ಅರಬ್ ದೇಶ ಕಾಣುವುದಿಲ್ಲ. ಕೆಳಗಿನಿಂದ ಕಾಣದ ದೋಣಿ ಮೇಲಿನಿಂದ ಕಾಣುತ್ತದೆ.

ದೀಪವನ್ನು ಅಷ್ಟು ಎತ್ತರದಲ್ಲಿ ಇಡುವುದಕ್ಕೂ ಇದೇ ಕಾರಣ. ಹಡಗಿನವನ ಕಣ್ಣೂ ನೀರಿನಿಂದ ಮೇಲಿರುತ್ತದೆ, ಹಾಗಾಗಿ ಎರಡೂ ದೂರ ಕೂಡಿಸಬೇಕು. ಹುಡುಗ ಕೆಳಗೊಮ್ಮೆ ನೋಡಲಿ, ಮೇಲೊಮ್ಮೆ ನೋಡಲಿ, ಆಮೇಲೆ ಲೆಕ್ಕ ಮಾಡಿಸಿ.

ಮಂಡಕ್ಕಿ ಮಿರ್ಚಿ
ಮೇಷ್ಟ್ರೇ, ರಜೆಯಲ್ಲೂ ಹೋಂವರ್ಕಾ!

ಹರಿಹರದ ಸೇತುವೆ
ಈಗ ಮೀನುಗಾರರ ದೋಣಿಯಲ್ಲೂ ಜಿಪಿಎಸ್ ಇದೆ, ಮೊಬೈಲಿದೆ. ಹಳೆ ಕಂಬಕ್ಕೆ ಬಣ್ಣ ಬಳಿದು ಟಿಕೆಟ್ ಮಾರುತ್ತಿದ್ದಾರೆ ಅಷ್ಟೇ, ಅಲ್ವಾ? ನನ್ನ ಅನಿಸಿಕೆ.

ಕಡಲ ತಡಿಯವ
ಅಲ್ಲ ಮಾರ್ರೆ. ಅದು ಇವತ್ತಿಗೂ ರಾತ್ರಿ ಉರಿಯುವ ದೀಪ, ಮ್ಯೂಸಿಯಂ ಅಲ್ಲ. ಜಿಪಿಎಸ್ ಕೈಕೊಟ್ಟರೆ, ಬ್ಯಾಟರಿ ಹೋದರೆ ದೋಣಿಯವ ನೋಡುವುದು ದಡದ ದೀಪವನ್ನೇ. ಒಂದೊಂದು ದೀಪಸ್ತಂಭಕ್ಕೂ ಮಿನುಗುವ ರೀತಿ ಬೇರೆ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಮಿನುಗಿತು ಅಂತ ಎಣಿಸಿದರೆ ಇದು ಕಾಪುವಾ, ಸುರತ್ಕಲ್ಲಾ ಅಂತ ಗೊತ್ತಾಗುತ್ತದೆ. ಹಗಲಿನಲ್ಲಿ ಗುರುತು ಸಿಗಲಿ ಅಂತಲೇ ಮೈಮೇಲೆ ಕಪ್ಪು ಬಿಳಿ ಪಟ್ಟೆ.

ನಿವೃತ್ತ ಮೇಷ್ಟ್ರು
ಇವರು ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ದೂರಕ್ಕೆ ಬೆಳಕು ಹೋಗುವುದು ಬಲ್ಬು ದೊಡ್ಡದು ಅಂತಲ್ಲ, ಸುತ್ತ ಇರುವ ಗಾಜಿನಿಂದ. ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ 1820ರ ದಶಕದಲ್ಲಿ ಮಾಡಿದ ಉಪಾಯ ಅದು. ಒಂದೇ ದಪ್ಪ ಮಸೂರ ಮಾಡಿದರೆ ಭಾರ ತಡೆಯುವುದಿಲ್ಲ. ಅದಕ್ಕೇ ಅವನು ಮಸೂರವನ್ನು ಬಳೆಬಳೆಯಾಗಿ ಒಡೆದು, ಬೇಡದ ಗಾಜು ತೆಗೆದು, ಉಂಗುರಗಳನ್ನು ಜೋಡಿಸಿದ. ಸುತ್ತ ಚದುರಿ ಹೋಗುವ ಬೆಳಕು ಒಂದು ಪಟ್ಟಿಯಾಗಿ ಕಡಲಿನ ಕಡೆಗೆ ತಿರುಗುತ್ತದೆ. ಹಳೆಯ ದೊಡ್ಡ ದೀಪಸ್ತಂಭಗಳಲ್ಲಿ ಟನ್‌ಗಟ್ಟಲೆ ತೂಕದ ಗಾಜನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸುತ್ತಿದ್ದರು, ಬೆರಳಿನಿಂದ ತಳ್ಳಿದರೂ ತಿರುಗುತ್ತಿತ್ತು. ತಿರುಗಿಸಲು ಗಡಿಯಾರದ ಹಾಗೆ ಭಾರ ಕಟ್ಟಿದ ಯಂತ್ರ. ಕರೆಂಟು ಬರುವ ಮುಂಚೆ ಉರಿಯುತ್ತಿದ್ದುದು ಎಣ್ಣೆಯ ದೀಪ. ಕಾವಲಿನವನು ರಾತ್ರಿ ಎದ್ದು ಎದ್ದು ಆ ಭಾರವನ್ನು ಮೇಲೆ ಸುತ್ತಬೇಕಿತ್ತು.

ಇಂಥ ಗಾಜಿಗೆ ಹಗಲಿನಲ್ಲಿ ಪರದೆ ಎಳೆಯುತ್ತಾರೆ. ಇಲ್ಲದಿದ್ದರೆ ಬಿಸಿಲು ಅದೇ ಗಾಜಿನಿಂದ ಒಳಗೆ ನುಗ್ಗಿ ದೀಪವನ್ನೇ ಸುಡುತ್ತದೆ. ಭೂತಗನ್ನಡಿಯಲ್ಲಿ ಕಾಗದ ಸುಡುತ್ತೇವಲ್ಲ, ಅದೇ ಕೆಲಸ ಹಿಂದುಮುಂದಾಗಿ.

ದಿನಾಂಕದ ವಿಷಯಕ್ಕೆ ಬಂದರೆ, 1901ರಲ್ಲಿ ಕಾಪುವಿನಲ್ಲಿ ದೀಪ ನಿಂತಾಗ ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರದ ಕೆಲಸ ನಡೆಯುತ್ತಿತ್ತು. ಅದು ಮುಗಿದದ್ದು 1907ರಲ್ಲಿ. ಹಿರಿಯೂರು ಮೈಸೂರು ಅರಸರ ರಾಜ್ಯ, ಕಾಪು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ. ಘಾಟಿ ಇಳಿದರೆ ಬೇರೆಯದೇ ಸರ್ಕಾರ.

ಹಿರಿಯೂರ್ ಹೈದ
ವಿವಿ ಸಾಗರ ಅಂದಿದ್ದಕ್ಕೆ ಬಂದೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಆಮೇಲೆ 2022ರಲ್ಲೇ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ನಮ್ಮ ಊರವರಿಗೆ ಸಮುದ್ರ ಅಂದರೆ ಅದೇ. ಕಾಪುಗೆ ಹೋಗೋಕೆ ದುಡ್ಡಿಲ್ಲದವರು ಇಲ್ಲಿಗೆ ಬನ್ನಿ, ಮೀನೂಟ ನಾವು ಕೊಡಿಸುತ್ತೇವೆ.

ಕಡಲ ತಡಿಯವ
ನೀರಿನ ವಿಷಯ ಬರೆಯುತ್ತೇನೆ ಅಂದಿದ್ದೆ. ಕೋಪ ಮಾಡಿಕೊಳ್ಳಬೇಡಿ. ಬಯಲುಸೀಮೆಯವರು ಕಡಲು ನೋಡಿದ ಕೂಡಲೇ ಬಟ್ಟೆ ಸಮೇತ ಓಡುತ್ತಾರೆ. ಕಾಪುವಿನಲ್ಲಿ ಮರಳಿನ ಜೊತೆ ಬಂಡೆಗಳೂ ಉಂಟು. ದೀಪಸ್ತಂಭದ ಬುಡದ ಬಂಡೆಗೆ ಪಾಚಿ ಹಿಡಿದಿರುತ್ತದೆ. ಸೆಲ್ಫಿಗೆ ಅಂತ ನೀರಿನ ಅಂಚಿಗೆ ಹೋಗಿ ನಿಲ್ಲುತ್ತಾರೆ. ಅಲೆಗಳೆಲ್ಲ ಒಂದೇ ಅಳತೆಯಲ್ಲಿ ಬರುವುದಿಲ್ಲ. ಸಣ್ಣ ಸಣ್ಣ ಅಲೆ ಬಂದು ಬಂದು, ದೊಡ್ಡದೊಂದು ಬಂದು ಎಳೆದುಕೊಂಡು ಹೋಗುತ್ತದೆ. ಗಾರ್ಡ್ ಸೀಟಿ ಊದಿದರೆ ದಯವಿಟ್ಟು ಅವನಿಗೆ ಬೈಯಬೇಡಿ.

ಭದ್ರಾ ನಾಲೆ
ಬಯಲುಸೀಮೆಯವರು ಅಂದರೆ ಏನ್ರೀ ಅರ್ಥ? ನಾವೇನು ನೀರೇ ಕಾಣದವರಾ? ಭದ್ರಾ ನಾಲೆಯಲ್ಲಿ ಈಜು ಕಲಿತವರು ನಾವು. ಸೂಳೆಕೆರೆಯಲ್ಲಿ ಈಜಿದ್ದೇವೆ. ತುಂಗಭದ್ರೆಯಲ್ಲಿ ಎಮ್ಮೆ ಬಾಲ ಹಿಡಿದು ದಾಟಿದ್ದೇವೆ. ಕರಾವಳಿಯವರು ಮಾತ್ರ ಮೀನಾಗಿ ಹುಟ್ಟಿದ ಹಾಗೆ ಮಾತಾಡಬೇಡಿ.

ಕಡಲ ತಡಿಯವ
ಈಜು ಬರುವವರೇ ಜಾಸ್ತಿ ಹೋಗುವುದು ಅಣ್ಣ. ಬರದವ ಮೊಣಕಾಲಿನ ನೀರಿನಲ್ಲಿ ಹೆದರಿ ನಿಲ್ಲುತ್ತಾನೆ. ನಾಲೆಯ ನೀರು ಒಂದೇ ಕಡೆ ಹರಿಯುತ್ತದೆ, ಕೆರೆಯದ್ದು ಹರಿಯುವುದೇ ಇಲ್ಲ. ಕಡಲಿನದ್ದು ಹಾಗಲ್ಲ. ಅಲೆ ತಂದು ಹಾಕಿದ ನೀರು ವಾಪಸ್ ಹೋಗಲು ಒಂದು ಇಕ್ಕಟ್ಟಿನ ದಾರಿ ಮಾಡಿಕೊಳ್ಳುತ್ತದೆ. ಅಕ್ಕಪಕ್ಕ ಅಲೆ ನೊರೆ ಒಡೆಯುತ್ತಿದ್ದರೂ ಆ ಜಾಗದಲ್ಲಿ ಅಲೆ ಕಡಿಮೆ, ನೀರು ಶಾಂತ. ಹೊಸಬರು "ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಒಳ್ಳೆಯದು" ಅಂತ ಅಲ್ಲೇ ಇಳಿಯುತ್ತಾರೆ. ಅದೇ ಎಳೆಯುವ ಜಾಗ. ಅದು ಕೆಳಗೆ ಎಳೆಯುವುದಿಲ್ಲ, ಹೊರಗೆ ಎಳೆಯುತ್ತದೆ. ದಡದ ಕಡೆ ನೇರವಾಗಿ ಈಜಿದರೆ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು, ಸ್ವಲ್ಪ ದೂರದಲ್ಲೇ ಆ ಎಳೆತ ತಪ್ಪುತ್ತದೆ. ಈಜು ಬರದಿದ್ದರೆ ತೇಲುತ್ತಾ ಕೈ ಎತ್ತಬೇಕು.

ಭದ್ರಾ ನಾಲೆ
ಹೀಗೆ ಬಿಡಿಸಿ ಹೇಳಿದರೆ ಯಾರು ಬೇಡ ಅನ್ನುತ್ತಾರೆ. ಮೊದಲು ಬೈದು ಆಮೇಲೆ ಹೇಳಿದ್ದು ತಪ್ಪು. ಆದರೂ ಎಮ್ಮೆ ಬಾಲದ ಮಾತು ನಾನು ವಾಪಸ್ ತಗೊಳ್ಳಲ್ಲ.

ವಿದ್ಯಾನಗರದಾಕೆ
ಇದನ್ನು ಯಜಮಾನರಿಗೆ ಓದಿ ಹೇಳಿದೆ. ಮಕ್ಕಳು ನೀರಿಗೆ ಇಳಿಯೋದೇ ಬೇಡ ಅಂದುಬಿಟ್ಟರು. ಈಗ ಮನೆಯಲ್ಲಿ ಅಳು.

ಬೀಚ್ ಬಾಯಮ್ಮ
ಅಯ್ಯೋ, ಅಷ್ಟು ಹೆದರಿಸಬೇಡಿ. ಕಾಪುವಿನಿಂದ ಸ್ವಲ್ಪ ದಕ್ಷಿಣಕ್ಕೆ ಪಡುಬಿದ್ರಿ ಬೀಚ್ ಇದೆ, 2020ರಲ್ಲಿ ಹೊನ್ನಾವರದ ಕಾಸರಕೋಡಿನ ಜೊತೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದ್ದು ಅದಕ್ಕೇ. ಸ್ನಾನಕ್ಕೆ ಜಾಗ ಗುರುತು ಮಾಡಿರುತ್ತಾರೆ, ಗಾರ್ಡ್ ಇರುತ್ತಾರೆ, ಬಟ್ಟೆ ಬದಲಿಸಲು ಕೋಣೆ, ಸಿಹಿನೀರಿನ ಶವರ್ ಇದೆ. ನೀರಾಟ ಅಲ್ಲಿ ಮುಗಿಸಿ, ದೀಪಸ್ತಂಭಕ್ಕೆ ಒಣ ಬಟ್ಟೆಯಲ್ಲಿ ಬನ್ನಿ. ಒದ್ದೆ ಚಪ್ಪಲಿಯಲ್ಲಿ ಆ ಸುತ್ತು ಮೆಟ್ಟಿಲು ಹತ್ತುವುದು ಬೇಡವೇ ಬೇಡ.

ಮೇಲೆ ಗಾಳಿ ಎಷ್ಟಿರುತ್ತದೆ ಅಂದರೆ ಟೋಪಿ, ಸ್ಟೋಲು ನಿಲ್ಲುವುದಿಲ್ಲ. ನನ್ನ ತಂಗಿಯ ದುಪಟ್ಟಾ ಕೈಯಿಂದ ಕಿತ್ತುಕೊಂಡು ಹೋಗಿ ಕೆಳಗೆ ತೆಂಗಿನ ಮರದ ಗರಿಗೆ ಸಿಕ್ಕಿಕೊಂಡಿತು. ನಾವು ಇಳಿದು ಹೊರಡುವವರೆಗೂ ಅಲ್ಲೇ ಬಾವುಟದ ಹಾಗೆ ಪಟಪಟ ಅನ್ನುತ್ತಿತ್ತು. ಫೋನ್ ಹೊರಗೆ ಚಾಚಿ ವಿಡಿಯೋ ಮಾಡಬೇಡಿ.

ಕಿರಿಕ್ ಗಿರಾಕಿ
ರೂಮಿನ ಬಗ್ಗೆ ಯಾರೂ ಹೇಳಲಿಲ್ಲ. ಕಡಲ ಪಕ್ಕದ ಒಂದು ಹೋಂಸ್ಟೇಯಲ್ಲಿ ಫೋನಿನಲ್ಲಿ ಒಂದು ರೇಟು, ಬಾಗಿಲಲ್ಲಿ ಇನ್ನೊಂದು ರೇಟು. ಕ್ರಿಸ್‌ಮಸ್ ಅಂತ ಹೆಚ್ಚಂತೆ. ಬಿಸಿನೀರೂ ಇಲ್ಲ. ರಜೆಯಲ್ಲಿ ಹೋಗುವವರು ರೇಟು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಇಲ್ಲ, ಉಡುಪಿ ಪೇಟೆಯಲ್ಲೇ ಉಳಿಯಿರಿ.

ದುಗ್ಗಮ್ಮನ ಮಗಳು
ಯಜಮಾನರಿಗೆ ದೇವರೂ ಬೇಕು ಅಂದಿರಲ್ಲ, ಕಾಪುವಿನಲ್ಲೇ ಇದ್ದಾಳೆ ತಾಯಿ. ಅಲ್ಲಿ ಮಾರಿಗುಡಿ ಒಂದಲ್ಲ, ಮೂರು. ಹಳೆಯದು, ಹೊಸದು, ಇನ್ನೊಂದು ಕಲ್ಯ ಮಾರಿಗುಡಿ. ಹೊಸ ಮಾರಿಗುಡಿಯನ್ನು ಕಲ್ಲಿನಲ್ಲಿ ಹೊಸದಾಗಿ ಕಟ್ಟಿದ್ದಾರೆ, 2025ರಲ್ಲಿ ಬ್ರಹ್ಮಕಲಶ ಆಯಿತು. ನಮ್ಮ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅಲ್ಲಿ ಸುಗ್ಗಿ ಮಾರಿಪೂಜೆ ಪ್ರತಿ ವರ್ಷ ಬರುತ್ತದೆ. ಆ ಎರಡು ದಿನ ಬಿಟ್ಟು ಹೋಗಿ, ಹೈವೇಯೇ ಕಟ್ಟಿಹೋಗಿರುತ್ತದೆ. ಅತ್ತೆಯವರಿಗೆ ದೀಪಸ್ತಂಭಕ್ಕಿಂತ ಇದೇ ಹಿಡಿಸುತ್ತದೆ ನೋಡಿ.

ಮಂಡಕ್ಕಿ ಮಿರ್ಚಿ
ಊಟದ ಮಾತು ಬರಲಿ. ಅಲ್ಲಿ ನೀರು ದೋಸೆ ತಿಂದೆ. ದೋಸೆಯಲ್ಲಿ ಬೆಣ್ಣೆಯೂ ಇಲ್ಲ, ಗರಿಯೂ ಇಲ್ಲ. ಕೈಚೌಕ ತಿಂದ ಹಾಗಾಯ್ತು.

ಕಡಲ ತಡಿಯವ
ನೀರು ದೋಸೆಯನ್ನು ಬರೀ ಚಟ್ನಿಯಲ್ಲಿ ತಿಂದರೆ ಹಾಗೆಯೇ. ಮೀನು ಸಾರು ಅಥವಾ ಕೋಳಿ ಸುಕ್ಕ ಬೇಕು. ಸಸ್ಯಾಹಾರಿಗಳಿಗೆ ಬೆಲ್ಲ, ಕಾಯಿತುರಿ. ಕಾಪುವಿನ ಪಕ್ಕದಲ್ಲೇ ಮಟ್ಟು ಅಂತ ಊರು, ಅಲ್ಲಿಯ ಗುಳ್ಳ ಬದನೆಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ವಾದಿರಾಜರು ಬೀಜ ಕೊಟ್ಟರು ಅಂತ ಊರವರ ನಂಬಿಕೆ. ಸೀಸನ್ ಇದ್ದರೆ ಗುಳ್ಳದ ಹುಳಿ ತಿಂದು ನೋಡಿ, ಆಮೇಲೆ ಮಾತಾಡಿ.

ಮಂಡಕ್ಕಿ ಮಿರ್ಚಿ
ಬದನೆಕಾಯಿ ನಮಗೆ ಹೇಳಿಕೊಡ್ತೀರಾ? ರೊಟ್ಟಿ ಎಣಗಾಯಿ ತಿಂದವರಿಗೆ?

ನಿರ್ವಾಹಕರು
ದೋಸೆ ಮತ್ತು ಬದನೆಕಾಯಿ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಪ್ರವಾಸ ಮಾತ್ರ.

ವಿದ್ಯಾನಗರದಾಕೆ
ಮನೆಯಲ್ಲಿ ಒಪ್ಪಂದ ಆಯಿತು. ಮೊದಲ ದಿನ ಐದಕ್ಕೆ ಹೊರಟು ಆಗುಂಬೆ ಮೇಲೆ ಉಡುಪಿ, ಸಂಜೆ ಕಾಪು. ನಮ್ಮವರು ಮಗನ ಜೊತೆ ಮೇಲೆ ಹತ್ತಬೇಕು, ನಾನು, ಅತ್ತೆ, ಮಗಳು ಬಂಡೆಯ ಮೇಲೆ. ಎರಡನೇ ದಿನ ಬೆಳಗ್ಗೆ ಮಾರಿಗುಡಿ, ಪಡುಬಿದ್ರಿ. ಆಮೇಲೆ ಹೈವೇಯಲ್ಲಿ ಉತ್ತರಕ್ಕೆ ಮುರುಡೇಶ್ವರ, ಅಲ್ಲೇ ರಾತ್ರಿ. ಮೂರನೇ ದಿನ ಹೊನ್ನಾವರ, ಜೋಗ, ಸಾಗರ, ಶಿವಮೊಗ್ಗ ಮೇಲೆ ಮನೆ. ಜಾಸ್ತಿ ಆಯ್ತಾ?

ಹರಿಹರದ ಸೇತುವೆ
ನನ್ನ ಓಟಿಗೂ ಬೆಲೆ ಬಂತು.

ಹಳದಿ ಬೋರ್ಡ್
ಆಗುತ್ತದೆ ಅಕ್ಕ. ಹೋಗುವಾಗ ಸಕ್ರೆಬೈಲಿನಲ್ಲಿ ಆನೆ ಬಿಡಾರ ಸಿಗುತ್ತದೆ, ಶಿವಮೊಗ್ಗ ದಾಟಿ ತೀರ್ಥಹಳ್ಳಿ ರೋಡಿನಲ್ಲೇ. ಆನೆಗಳಿಗೆ ಸ್ನಾನ ಮಾಡಿಸುವುದು ಬೆಳಗ್ಗೆ ಮಾತ್ರ, ನಿಮ್ಮ ಟೈಮಿಗೆ ಸರಿಹೋಗುತ್ತದೆ. ಆದರೆ ಮಕ್ಕಳು ಅಲ್ಲಿಂದ ಏಳುವುದಿಲ್ಲ. ಹತ್ತರ ಒಳಗೆ ಎಬ್ಬಿಸಿ, ಇಲ್ಲದಿದ್ದರೆ ಸಂಜೆಯ ಕೆಲಸ ಕೆಡುತ್ತದೆ.

ಊರಿಗೆ ಬಂದ ಮೇಲೆ ಕಾರಿನ ಅಡಿಭಾಗಕ್ಕೆ ನೀರು ಹೊಡೆಸಿ. ಉಪ್ಪಿನ ಗಾಳಿಗೆ ತುಕ್ಕು ಬೇಗ.

ಹೊಳಲ್ಕೆರೆ ಹುಡುಗ
ಚಿಕ್ಕ ಮಗಳ ವಾಂತಿಗೆ ಯಾರೂ ಉತ್ತರ ಕೊಡಲಿಲ್ಲವಲ್ಲ.

ದುಗ್ಗಮ್ಮನ ಮಗಳು
ಶಿವಮೊಗ್ಗದಲ್ಲಿ ಎರಡು ಇಡ್ಲಿ ಸಾಕು, ದೋಸೆ, ವಡೆ, ಹಾಲು ಬೇಡ. ತೀರ್ಥಹಳ್ಳಿ ದಾಟಿದ ಮೇಲೆ ಮೊಬೈಲ್ ಕೈಗೆ ಕೊಡಬೇಡಿ, ಕಿಟಕಿ ಇಳಿಸಿ ಮುಂದೆ ದೂರಕ್ಕೆ ನೋಡಲು ಹೇಳಿ. ಮೂಸೋಕೆ ಒಂದು ನಿಂಬೆಹಣ್ಣು. ಡಾಕ್ಟರ್ ಕೇಳಿ ಮಾತ್ರೆ ಇಟ್ಟುಕೊಂಡಿರಿ. ಆಗುಂಬೆಯಲ್ಲಿ ಘಾಟಿ ಇಳಿಯುವ ಮುಂಚೆ ಒಂದು ಹತ್ತು ನಿಮಿಷ ಕಾರು ನಿಲ್ಲಿಸಿ ಓಡಾಡಿಸಿ.

ಹಳದಿ ಬೋರ್ಡ್
ಜೊತೆಗೆ ಒಂದೆರಡು ಪ್ಲಾಸ್ಟಿಕ್ ಕವರು. ಎಷ್ಟೇ ಹೇಳಿದರೂ ಆರನೇ ತಿರುವಿನಲ್ಲಿ ಬೇಕೇ ಬೇಕಾಗುತ್ತದೆ.